ಚಿಕ್ಕಮ್ಮನ ಹೆಸರಿನ ಪಕ್ಕ ಎರಡು ಚೌಕ

ಕಳೆದ ನವೆಂಬರ್‌ನ ಒಂದು ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಫೋನ್ ಬಂತು. ಆ ಹೊತ್ತಿಗೆ ಫೋನ್ ಮಾಡುವವರಲ್ಲ ಅವರು. ಎಂಟಕ್ಕೆ ಊಟ ಮುಗಿಸಿ ಒಂಬತ್ತಕ್ಕೆ ದೀಪ ಆರಿಸುವ ಮನೆ ಅದು. ‘ನಾಳೆ ಕಾಲೇಜಿದ್ಯಾ? ಇಲ್ಲ ಅಂದ್ರೆ ಒಂದ್ ಗಳಿಗೆ ಬಂದು ಹೋಗು ಮಗಾ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನಮ್ಮ ಚಿಕ್ಕಮ್ಮ ಸಿಟ್ಟಿದ್ದರೆ ನೇರವಾಗಿ ಬೈದು ಮುಗಿಸುವವರು.

ನಮ್ಮದು ನಂಜನಗೂಡು. ಅಮ್ಮನ ತವರು ಟಿ. ನರಸೀಪುರ. ನಮ್ಮೂರ ದೇವಸ್ಥಾನದ ಪಕ್ಕದಲ್ಲಿ ಹರಿಯುವ ಕಪಿಲೆಯೇ ಮುಂದೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಹಾಗಾಗಿ ಅಪ್ಪ ಅಮ್ಮನನ್ನು ರೇಗಿಸುವಾಗ ‘ನಮ್ಮೂರ ನೀರು ಕುಡಿದೇ ನಿಮ್ಮೂರು ಬದುಕಿರೋದು’ ಎನ್ನುವುದುಂಟು. ಈ ಎರಡೂ ಊರುಗಳ ನೆಂಟರನ್ನೆಲ್ಲ ಒಂದೇ ಪರದೆಯ ಮೇಲೆ ತರಬೇಕು ಎಂದು ಹೊರಟವನು ನಾನು. ಅದು ನನ್ನ ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್. ಅದರಿಂದಲೇ ಚಿಕ್ಕಮ್ಮನ ಆ ಫೋನ್ ಬಂದದ್ದು.

ಶುರುವಾದದ್ದು ನಾಡಕಚೇರಿಯಿಂದ

ತಾತ ತೀರಿಕೊಂಡ ಮೇಲೆ ಜಮೀನು ಅವರ ಹೆಸರಿನಲ್ಲೇ ಉಳಿದಿತ್ತು. ಪೌತಿ ಖಾತೆ ಮಾಡಿಸಬೇಕು ಎಂದರೆ ಮೊದಲು ವಂಶವೃಕ್ಷ ಬೇಕು. ನಮ್ಮ ರಾಜ್ಯದಲ್ಲಿ ವಂಶವೃಕ್ಷ ಎಂದರೆ ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಕಂದಾಯ ಇಲಾಖೆಯ ಒಂದು ದಾಖಲೆ. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ತೀರಿಕೊಂಡವರ ಹೆಂಡತಿ, ಮಕ್ಕಳು, ಮಕ್ಕಳಲ್ಲಿ ಯಾರಾದರೂ ಹೋಗಿದ್ದರೆ ಅವರ ಮಕ್ಕಳು, ಹೀಗೆ ಎಲ್ಲರ ಹೆಸರು, ವಯಸ್ಸು, ಸಂಬಂಧ ಬರೆಯಬೇಕು. ಗ್ರಾಮ ಆಡಳಿತ ಅಧಿಕಾರಿ ಅದು ನಿಜವೋ ಎಂದು ವಿಚಾರಿಸುತ್ತಾರೆ. ಒಬ್ಬರ ಹೆಸರು ಬಿಟ್ಟರೂ ನಾಳೆ ಕೋರ್ಟಿಗೆ ಹೋಗುವ ತಕರಾರು ಹುಟ್ಟುತ್ತದೆ.

ಮನೆಯಲ್ಲಿ ಇಂಗ್ಲಿಷ್ ಫಾರಂ ತುಂಬುವವನು, ಆನ್‌ಲೈನ್ ಅರ್ಜಿ ಹಾಕುವವನು ನಾನೇ. ‘ಎಲ್ಲರೂ ಆಧಾರ್ ಕಳಿಸಿ’ ಎಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. ಅರ್ಧ ದಿನದಲ್ಲಿ ಹದಿನೇಳು ಆಧಾರ್‌ಗಳು ಬಂದು ಬಿದ್ದವು. ಕೆಲವರು ಎರಡೂ ಬದಿಯ ಫೋಟೊ ಹಾಕಿದರು, ಕೆಲವರು ಪಿಡಿಎಫ್ ಕಳಿಸಿದರು. ಗುಂಪಿನಲ್ಲಿ ಅರವತ್ತೆರಡು ಜನ ಇದ್ದೆವು. ಅದರಲ್ಲಿ ನಾಲ್ಕು ನಂಬರ್ ಯಾರವು ಎಂದು ನನಗೆ ಈವತ್ತಿಗೂ ಗೊತ್ತಿಲ್ಲ. ಅಂದು ಅದು ತಲೆಗೇ ಬರಲಿಲ್ಲ.

ಆ ಅರ್ಜಿ ತುಂಬುವಾಗಲೇ ಒಂದು ವಿಷಯ ಗೊತ್ತಾಯಿತು. ನಮ್ಮ ವಂಶದಲ್ಲಿ ಏಳು ಜನ ನಂಜುಂಡ, ನಂಜಪ್ಪ, ನಂಜುಂಡಸ್ವಾಮಿಗಳಿದ್ದಾರೆ, ನಂಜಮ್ಮಂದಿರು ಐದು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಊರು ನಮ್ಮದು. ಹೆಸರಿನ ಮುಂದಿನ ಇನಿಷಿಯಲ್ ಕೂಡ ಹಲವರಿಗೆ ಒಂದೇ. ಯಾರು ಯಾರೆಂದು ಬೇರೆ ಮಾಡಿ ತೋರಿಸಲು ಹುಟ್ಟಿದ ತಾರೀಖು ಬೇಕೇ ಬೇಕು. ‘ಇದನ್ನೆಲ್ಲ ಒಂದು ಡೇಟಾಬೇಸ್‌ನಲ್ಲಿ ಇಡಬಹುದಲ್ಲ’ ಎಂದು ನನ್ನೊಳಗಿನ ಇಂಜಿನಿಯರ್ ಎದ್ದು ಕುಳಿತ.

ಅಜ್ಜಿಗೆ ಹೇಳಿದಾಗ ನಕ್ಕರು. ‘ಹೆಳವರು ಮಾಡ್ತಿದ್ದ ಕೆಲಸ ನೀನು ಮಾಡ್ತೀಯಾ?’ ಎಂದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಹೆಳವ ಬರುತ್ತಿದ್ದನಂತೆ. ಜಗಲಿಯಲ್ಲಿ ಕೂತು ಮನೆತನದ ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತಾ ಬಂದು, ಹೊಸದಾಗಿ ಹುಟ್ಟಿದ ಕೂಸುಗಳ ಹೆಸರು ಸೇರಿಸಿಕೊಂಡು, ಭತ್ತವನ್ನೋ ರಾಗಿಯನ್ನೋ ಪಡೆದು ಹೋಗುತ್ತಿದ್ದನಂತೆ. ‘ನಮ್ಮನೇದು ನಮ್ಮ ಜಗಲೀಲಿ ಹೇಳೋನು. ಪಕ್ಕದ ಮನೇದು ಅವರ ಜಗಲೀಲಿ’ ಎಂದರು ಅಜ್ಜಿ. ಆ ಮಾತನ್ನು ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಕುಂಭಮೇಳಕ್ಕೆ ಬಂದ ನೆಂಟರು

2025ರ ಫೆಬ್ರುವರಿಯಲ್ಲಿ ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಯಿತು. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ಜಾಗ ಎಂಬ ನಂಬಿಕೆ. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಮೇಳ ಸೇರುತ್ತದೆ. ಸೋದರಮಾವನ ಮನೆ ಸಂಗಮಕ್ಕೆ ಹತ್ತಿರ. ಹೀಗಾಗಿ ಮೂರು ದಿನ ಅವರ ಮನೆ ಛತ್ರವಾಗಿತ್ತು. ಬೆಂಗಳೂರು, ಹಾಸನ, ಚಾಮರಾಜನಗರದಿಂದ ನೆಂಟರು ಬಂದಿದ್ದರು. ನನಗೆ ಬೇಕಾದದ್ದು ಅದೇ.

ನಾನು ಮೊಬೈಲ್ ಹಿಡಿದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಹುಟ್ಟಿದ್ದು ಯಾವಾಗ, ಮದುವೆ ಯಾವಾಗ, ಮಕ್ಕಳೆಷ್ಟು, ಈಗ ಎಲ್ಲಿದ್ದೀರಿ, ಫೋನ್ ನಂಬರ್ ಯಾವುದು. ಯಾರೂ ಇಲ್ಲ ಎನ್ನಲಿಲ್ಲ. ‘ನಮ್ಮ ಹುಡುಗ ಏನೋ ಮಾಡ್ತಾವ್ನೆ’ ಎಂಬ ಹೆಮ್ಮೆ. ಒಬ್ಬ ದೊಡ್ಡಪ್ಪ ತಮ್ಮ ಪದವಿ, ನಿವೃತ್ತಿಯಾದಾಗ ಇದ್ದ ಹುದ್ದೆ, ಎರಡನ್ನೂ ಬರೆದುಕೊಂಡೆನೋ ಇಲ್ಲವೋ ಎಂದು ಇಣುಕಿ ನೋಡಿದರು. ಎಲ್ಲರೂ ಹೇಳಿದ್ದು ನನಗೆ, ಮಾವನ ಮನೆಯ ಪಡಸಾಲೆಯಲ್ಲಿ ಕೂತು. ಅದನ್ನು ನಾನು ಎಲ್ಲಿ ಹಾಕುತ್ತೇನೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ.

ಅದೇ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಹಳೆಯ ಲಗ್ನಪತ್ರಿಕೆಗಳನ್ನು ಅಜ್ಜಿ ಅದರಲ್ಲಿ ಕೂಡಿಟ್ಟಿದ್ದರು. ವಂಶ ಹುಡುಕುವವರಿಗೆ ಲಗ್ನಪತ್ರಿಕೆಗಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ. ವಧು, ವರ, ಇಬ್ಬರ ತಂದೆ ತಾಯಿ, ಅಜ್ಜ ಅಜ್ಜಿ, ಊರು, ತಾರೀಖು, ಸುಖಾಗಮನ ಬಯಸುವವರ ಸಾಲು ಎಲ್ಲ ಅದರಲ್ಲಿರುತ್ತದೆ. ಒಂದೊಂದನ್ನೇ ಫೋಟೊ ತೆಗೆಯುತ್ತಾ ಹೋದೆ. ಹಳದಿಗಟ್ಟಿದ ಒಂದು ಪತ್ರಿಕೆಯಲ್ಲಿ ಚಿಕ್ಕಮ್ಮನ ಹೆಸರಿತ್ತು. ಪಕ್ಕದಲ್ಲಿ ಚಿಕ್ಕಪ್ಪನ ಹೆಸರಿರಲಿಲ್ಲ. ಬೇರೆ ಯಾರದೋ ಹೆಸರು, ಬೇರೆ ಊರು.

ಮಾವನಿಗೆ ತೋರಿಸಿದೆ. ಅವರು ಪತ್ರಿಕೆಯನ್ನು ಮಡಚಿ ಟ್ರಂಕಿಗೆ ಹಾಕಿ, ‘ಅದು ಆರು ತಿಂಗಳೂ ನಡೀಲಿಲ್ಲ. ಬಿಡಪ್ಪ, ಆಗೋಗಿದ್ದು’ ಎಂದರು. ನಾನು ಬಿಡಲಿಲ್ಲ. ಫೋಟೊ ಆಗಲೇ ನನ್ನ ಮೊಬೈಲ್‌ನಲ್ಲಿತ್ತು. ಡೇಟಾ ಪೂರ್ತಿ ಇರಬೇಕು, ಅರ್ಧ ಇದ್ದರೆ ತಪ್ಪು ಡೇಟಾ ಎಂದು ಕ್ಲಾಸಿನಲ್ಲಿ ಕಲಿತಿದ್ದೆ.

ಬಹುಮಾನ ಬಂದ ಪ್ರಾಜೆಕ್ಟ್

ದಸರಾ ರಜೆಯಲ್ಲಿ ಕೂತು ವೆಬ್‌ಸೈಟ್ ಮಾಡಿದೆ. 168 ಜನರ ಮರ. ಅವರಲ್ಲಿ 104 ಜನ ಬದುಕಿರುವವರು. ಒಂದು ಹೆಸರನ್ನು ಒತ್ತಿದರೆ ಕೊಂಬೆ ಬಿಚ್ಚಿಕೊಳ್ಳುತ್ತದೆ. ಫೋಟೊ, ಹುಟ್ಟಿದ ದಿನ, ಊರು, ಫೋನ್ ನಂಬರ್ ಕಾಣಿಸುತ್ತವೆ. ಮದುವೆಯಾದವರ ಪಕ್ಕ ಗಂಡನದೋ ಹೆಂಡತಿಯದೋ ಚೌಕ. ಮಾಹಿತಿಯೆಲ್ಲ ಒಂದು ಜೇಸನ್ ಫೈಲ್‌ನಲ್ಲಿತ್ತು. ಕೋಡ್ ಮತ್ತು ಫೈಲ್ ಎರಡನ್ನೂ ಗಿಟ್‌ಹಬ್‌ಗೆ ಹಾಕಿ ಅಲ್ಲಿಂದಲೇ ಉಚಿತವಾಗಿ ಸೈಟ್ ನಡೆಸಿದೆ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವವರು ಗಿಟ್‌ಹಬ್ ಲಿಂಕ್ ಕೊಡಲೇಬೇಕು ಎಂದು ಸೀನಿಯರ್‌ಗಳು ಹೇಳಿದ್ದರು. ನನ್ನ ರೆಸ್ಯೂಮೆಯ ಮೊದಲ ಸಾಲೇ ಅದು. ವಿಭಾಗದ ಪ್ರದರ್ಶನದಲ್ಲಿ ಎರಡನೇ ಬಹುಮಾನವೂ ಬಂತು.

ಆ ಸಂತೋಷದಲ್ಲೇ ಲಿಂಕನ್ನು ಕುಟುಂಬದ ಗುಂಪಿಗೆ ಹಾಕಿದೆ. ಹೂವು, ಚಪ್ಪಾಳೆ, ಕೈಮುಗಿಯುವ ಚಿಹ್ನೆಗಳ ಸುರಿಮಳೆ. ಚಿಕ್ಕಮ್ಮ ಗುಂಪಿನಲ್ಲಿದ್ದರೂ ಲಿಂಕ್ ಒತ್ತಿ ನೋಡುವವರಲ್ಲ. ಒತ್ತಿದ್ದು ಒಂಬತ್ತನೇ ತರಗತಿಯ ಅವರ ಮಗಳು. ಎಲ್ಲರೂ ಮೊದಲು ಮಾಡುವುದನ್ನೇ ಅವಳೂ ಮಾಡಿದಳು. ತನ್ನ ಹೆಸರು ಹುಡುಕಿದಳು, ಆಮೇಲೆ ಅಮ್ಮನ ಹೆಸರು ಒತ್ತಿದಳು. ಪಕ್ಕದಲ್ಲಿ ಎರಡು ಚೌಕ ಬಿಚ್ಚಿಕೊಂಡವು.

ಮರುದಿನ ಮೊದಲ ಬಸ್ಸಿಗೆ ನರಸೀಪುರಕ್ಕೆ ಹೋದೆ. ಮಗಳು ಶಾಲೆಗೆ ಹೋಗಿದ್ದಳು. ಚಿಕ್ಕಪ್ಪ ಗದ್ದೆಯ ಕಡೆ ಹೋಗಿದ್ದರು. ಚಿಕ್ಕಮ್ಮ ಕಾಫಿ ಕೊಟ್ಟು ಎದುರಿಗೆ ಕೂತರು.

‘ರಾತ್ರಿ ಊಟಕ್ಕೆ ಕೂತಾಗ ಕೇಳಿದ್ಲು. ಅಮ್ಮಾ, ಇವರು ಯಾರು ಅಂತ. ಅವರಪ್ಪನ ಎದುರಿಗೇ. ಅವರಿಗೆ ಎಲ್ಲಾ ಗೊತ್ತು, ನಮ್ಮತ್ತೆಗೂ ಗೊತ್ತು. ಗೊತ್ತಿಲ್ದೆ ಇದ್ದದ್ದು ಅವಳೊಬ್ಬಳಿಗೇ.’

ನನಗೆ ಮಾತು ಹೊರಡಲಿಲ್ಲ. ‘ತೆಗೆದುಬಿಡ್ತೀನಿ ಚಿಕ್ಕಮ್ಮ, ಈಗಲೇ ತೆಗೀತೀನಿ’ ಎಂದೆ.

‘ನೀನು ಬರೆದಿದ್ದು ಸುಳ್ಳಲ್ಲ ಕಣೋ’ ಎಂದರು ಅವರು. ‘ನಾನೂ ಹೇಳ್ಬೇಕು ಅಂತಾನೇ ಇದ್ದೆ. ಹತ್ತನೇ ಕ್ಲಾಸ್ ಮುಗೀಲಿ, ಪಿಯುಸಿಗೆ ಹೋಗ್ಲಿ, ಸ್ವಲ್ಪ ತಿಳಿವಳಿಕೆ ಬರ್ಲಿ ಅಂತ ಕಾಯ್ತಿದ್ದೆ. ಹೇಗೆ ಶುರು ಮಾಡ್ಬೇಕು ಅಂತ ಎಷ್ಟು ಸಲ ಮನಸಲ್ಲೇ ಜೋಡಿಸ್ಕೊಂಡಿದ್ದೆ ಗೊತ್ತಾ? ಅದನ್ನ ನಾನು ಹೇಳ್ಬೇಕಿತ್ತು. ನಿನ್ ಕಂಪ್ಯೂಟರ್ ಹೇಳಿಬಿಡ್ತು.’

ನಂಜನಗೂಡಿನವನಾಗಿ ನಾನು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಅದುವರೆಗೆ ಓದಿರಲಿಲ್ಲ. 1965ರ ಕಾದಂಬರಿ. ಅದರ ಶ್ರೀನಿವಾಸ ಶ್ರೋತ್ರಿಗಳ ಮನೆ ಇರುವುದು ನಮ್ಮೂರಲ್ಲೇ, ಕಪಿಲೆಯ ದಡದಲ್ಲಿ. ಸೊಸೆ ಕಾತ್ಯಾಯನಿ ವಿಧವೆಯಾದ ಮೇಲೆ ಮರುಮದುವೆಯಾಗುತ್ತಾಳೆ, ಮಗ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಚಿಕ್ಕಮ್ಮನ ಮನೆಯಿಂದ ಬಂದ ವಾರದಲ್ಲಿ, ನಂಜನಗೂಡು–ಮೈಸೂರು ರೈಲಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾ ಅದನ್ನು ಓದಿ ಮುಗಿಸಿದೆ. ನಮ್ಮ ಮನೆಗಳಲ್ಲಿ ವಂಶದ ಸಂಗತಿ ಎಷ್ಟು ಭಾರವಾದದ್ದು ಎಂದು ಅರವತ್ತು ವರ್ಷದ ಹಿಂದೆಯೇ ನಮ್ಮೂರಿನ ಹೆಸರಿನಲ್ಲಿ ಬರೆದಿಟ್ಟಿದ್ದರು. ನಾನು ಅದನ್ನು ಒಂದು ಕಾಲಂ ಎಂದುಕೊಂಡಿದ್ದೆ.

ಅಳಿಸಿದರೂ ಅಳಿಯದ್ದು

ಇಂಜಿನಿಯರಿಂಗ್ ಗೆಳೆಯರು ಈ ಭಾಗವನ್ನು ಗಮನವಿಟ್ಟು ಓದಬೇಕು. ಚಿಕ್ಕಮ್ಮನ ಮನೆಯ ಜಗಲಿಯಲ್ಲೇ ಕೂತು ಮೊಬೈಲ್‌ನಿಂದ ಆ ಸಾಲನ್ನು ತೆಗೆದೆ. ಸೈಟ್‌ನಲ್ಲಿ ಎರಡನೇ ಚೌಕ ಮಾಯವಾಯಿತು. ‘ಹೋಯ್ತು ಚಿಕ್ಕಮ್ಮ’ ಎಂದೆ. ಹೋಗಿರಲಿಲ್ಲ. ಗಿಟ್ ಎನ್ನುವುದು ಇರುವುದೇ ಹಳೆಯದನ್ನು ಮರೆಯದಿರಲು. ಪ್ರತಿ ಬದಲಾವಣೆಯ ಹಿಂದಿನ ರೂಪವೂ ಕಮಿಟ್ ಇತಿಹಾಸದಲ್ಲಿ ಹಾಗೇ ಇರುತ್ತದೆ. ರೆಪಾಸಿಟರಿ ಸಾರ್ವಜನಿಕವಾಗಿದ್ದರೆ ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ‘ಚಿಕ್ಕಮ್ಮನ ಮೊದಲ ಮದುವೆ ತೆಗೆದದ್ದು’ ಎಂಬ ಅರ್ಥದ ಕಮಿಟ್ ಸಂದೇಶವನ್ನು ನಾನೇ ಬೇರೆ ಬರೆದಿದ್ದೆ! ಬಸ್ಸಿನಲ್ಲಿ ವಾಪಸ್ ಬರುವಾಗ ಅದು ಹೊಳೆದು ಬೆವೆತುಹೋದೆ.

ಮನೆಗೆ ಬಂದವನೇ ರೆಪಾಸಿಟರಿಯನ್ನೇ ಅಳಿಸಿದೆ. ಆಮೇಲೆ ನೋಡಿದರೆ ನನ್ನ ಕೋಡ್ ಚೆನ್ನಾಗಿದೆ ಎಂದು ಸಹಪಾಠಿಯೊಬ್ಬ ಅದನ್ನು ಫೋರ್ಕ್ ಮಾಡಿಕೊಂಡಿದ್ದ. ನಮ್ಮ ಇಡೀ ಕುಟುಂಬ ಅವನ ಖಾತೆಯಲ್ಲಿತ್ತು. ರಾತ್ರಿ ಫೋನ್ ಮಾಡಿ ಬೇಡಿಕೊಂಡೆ, ಅಳಿಸಿದ. ದೊಡ್ಡಪ್ಪನ ಹೆಸರು ಹುಡುಕಿದರೆ ಗೂಗಲ್‌ನಲ್ಲಿ ಸೈಟ್‌ನ ತುಣುಕು ಇನ್ನೂ ಕಾಣುತ್ತಿತ್ತು. ಹಳೆಯ ಫಲಿತಾಂಶ ತೆಗೆಯಿರಿ ಎಂದು ಕೋರುವ ವ್ಯವಸ್ಥೆ ಅಲ್ಲಿದೆ, ಅದರಲ್ಲಿ ಕೋರಿದೆ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದರೆ ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.

ವೈವಾಗೆ ಆಗ ಒಂಬತ್ತು ದಿನ ಉಳಿದಿತ್ತು. ಗೈಡ್ ಮೇಡಂಗೆ ನಡೆದದ್ದನ್ನು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಅವರು, ‘ಹಾಗಿದ್ರೆ ಈಗ ನಿಜವಾದ ಪ್ರಾಜೆಕ್ಟ್ ಶುರುವಾಯ್ತು. ಕಾಲ್ಪನಿಕ ಹೆಸರು ಹಾಕಿ ಡೆಮೊ ಮಾಡಿ. ಬದುಕಿರುವವರನ್ನು ಹೇಗೆ ಕಾಪಾಡ್ತೀರಿ ಅನ್ನೋದನ್ನ ವರದೀಲಿ ಬರೀರಿ’ ಎಂದರು.

‘ಎಲ್ಲ ಹೊರಗೇ ಇದೆಯಲ್ಲ?’

ಗೆಳೆಯರು ಕೇಳಿದ ಮೊದಲ ಪ್ರಶ್ನೆ ಇದು. ಮತದಾರರ ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಇರುತ್ತದೆ. ‘ಭೂಮಿ’ಯಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿಯಲ್ಲಿ ಮಾಲೀಕರ ಹೆಸರು ಬರುತ್ತದೆ. ಫೇಸ್‌ಬುಕ್‌ನಲ್ಲಿ ಹುಟ್ಟುಹಬ್ಬದ ಶುಭಾಶಯ ಇದ್ದೇ ಇದೆ. ಇನ್ನೇನು ಮುಚ್ಚಿಡುವುದು?

ನನಗೆ ತೋಚಿದ ಉತ್ತರ ಇಷ್ಟು. ಅವೆಲ್ಲ ಬೇರೆ ಬೇರೆ ಕಡೆ ಚದುರಿ ಬಿದ್ದಿರುವ ಕಾಳು. ವಂಶವೃಕ್ಷ ಅವನ್ನೆಲ್ಲ ಆರಿಸಿ ಒಂದೇ ಮೊರಕ್ಕೆ ಹಾಕಿ ಕೊಡುತ್ತದೆ. ಒಂದು ಉದಾಹರಣೆ ನೋಡಿ. ಆಧಾರ್ ತಾಣದಿಂದ ಇಳಿಸಿಕೊಳ್ಳುವ ಇ–ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಆ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಇದು ಎಲ್ಲರಿಗೂ ಗೊತ್ತಿರುವ ಸೂತ್ರ. ನಮ್ಮ ಗುಂಪಿನಲ್ಲಿ ಆ ಪಿಡಿಎಫ್‌ಗಳು ಬಿದ್ದಿದ್ದವು. ಅವುಗಳ ಬೀಗದ ಕೈಯನ್ನು ನಾನು ಸೈಟ್‌ನಲ್ಲಿ ಫೋಟೊ ಸಮೇತ ತೂಗುಹಾಕಿದ್ದೆ. ಇನ್ನು ‘ಅಜ್ಜಿ, ನಾನು ನಿಮ್ಮ ಮೊಮ್ಮಗ, ಆಸ್ಪತ್ರೆಯಿಂದ ಮಾತಾಡ್ತಿದೀನಿ, ಅರ್ಜೆಂಟಾಗಿ ದುಡ್ಡು ಬೇಕು’ ಎಂದು ಫೋನ್ ಮಾಡುವ ವಂಚಕನಿಗೆ ಬೇಕಾದದ್ದಾದರೂ ಏನು? ಅಜ್ಜಿಯ ನಂಬರ್, ಮೊಮ್ಮಗನ ಹೆಸರು, ಅವನಿರುವ ಊರು. ಮೂರೂ ನನ್ನ ಮರದಲ್ಲಿದ್ದವು.

ನೆಂಟಸ್ತಿಕೆಯ ಮಾಹಿತಿಗೆ ಇನ್ನೊಂದು ಗುಣವಿದೆ. ಒಬ್ಬರು ತಪ್ಪಿದರೆ ಎಲ್ಲರದೂ ಹೋಗುತ್ತದೆ. ಡಿಎನ್‌ಎ ನೋಡಿ ಸಂಬಂಧಿಕರನ್ನು ಹುಡುಕಿಕೊಡುವ ಅಮೆರಿಕದ ‘ಟ್ವೆಂಟಿತ್ರೀ ಆ್ಯಂಡ್ ಮಿ’ ಕಂಪನಿಯಲ್ಲಿ 2023ರಲ್ಲಿ ಆದದ್ದು ಇದೇ. ಬೇರೆ ತಾಣಗಳಿಂದ ಸೋರಿದ್ದ ಪಾಸ್‌ವರ್ಡ್ ಹಾಕಿ ಕಳ್ಳರು ಒಳನುಗ್ಗಿದ್ದು ಸುಮಾರು 14 ಸಾವಿರ ಖಾತೆಗಳಿಗೆ. ಅಲ್ಲಿಂದ ನೆಂಟರ ಕೊಂಡಿ ಹಿಡಿದು ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ಮಾಹಿತಿ. ಅವರಲ್ಲಿ ಹೆಚ್ಚಿನವರ ಸ್ವಂತ ಪಾಸ್‌ವರ್ಡ್ ಗಟ್ಟಿಯಾಗಿಯೇ ಇದ್ದಿರಬಹುದು, ಎಲ್ಲೋ ಒಬ್ಬ ನೆಂಟನದು ಗಟ್ಟಿಯಿರಲಿಲ್ಲ. 2025ರ ಮಾರ್ಚ್‌ನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆಧಾರ್ ವಿಚಾರದಲ್ಲಿ ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಹದಿನೆಂಟು ತುಂಬದವರ ಮಾಹಿತಿ ಬಳಸಲು ಕಂಪನಿಗಳು ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಯ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇದು ಸರಿಯೇ, ಅಜ್ಜಿಯ ಟ್ರಂಕಿಗೂ ಲೈಸೆನ್ಸ್ ಬೇಕು ಎಂದರೆ ಹೇಗೆ? ಅಂದರೆ ಮನೆಯೊಳಗಿನ ಈ ಲೆಕ್ಕವನ್ನು ನಾವೇ ಸರಿಯಾಗಿ ಇಟ್ಟುಕೊಳ್ಳಬೇಕು. ಯಾವ ಅಧಿಕಾರಿಯೂ ಬಂದು ಕೇಳುವುದಿಲ್ಲ. ಕೇಳುವವರು ಚಿಕ್ಕಮ್ಮನಂಥವರು, ಅದೂ ರಾತ್ರಿ ಹತ್ತೂವರೆಗೆ, ಎಲ್ಲ ಆದ ಮೇಲೆ.

ಮತ್ತೆ ಕಟ್ಟಿದ ಮರ

ಮರವನ್ನೇ ಬಿಟ್ಟುಬಿಡೋಣ ಅನಿಸಿತ್ತು. ಬೇಡ ಎಂದವರು ಅಜ್ಜಿ. ‘ನನಗೆ ಗೊತ್ತಿರೋ ಹೆಸರು ನನ್ನ ಜೊತೆ ಹೋಗ್ಬಾರದು’ ಎಂದರು. ಅವರ ಮಾತೂ ನಿಜ. ಈಗ ಹೆಳವ ಬರುವುದಿಲ್ಲ. ಹಾಗಾಗಿ ದೊಡ್ಡ ತಾಣಗಳು ಇದನ್ನು ಹೇಗೆ ನಿಭಾಯಿಸುತ್ತವೆ ಎಂದು ನೋಡಿದೆ. ಮೊದಲೇ ನೋಡಬೇಕಾಗಿತ್ತು.

ಫ್ಯಾಮಿಲಿಸರ್ಚ್ ಎಂಬ ಉಚಿತ ತಾಣದಲ್ಲಿ ತೀರಿಕೊಂಡವರ ಮರ ಎಲ್ಲರಿಗೂ ಕಾಣುತ್ತದೆ, ಬದುಕಿರುವವರದು ಕಾಣುವುದಿಲ್ಲ. ಸಾವಿನ ದಾಖಲೆ ಇಲ್ಲದಿದ್ದರೆ, ಹುಟ್ಟಿ 110 ವರ್ಷ ಆಗುವವರೆಗೂ ಆ ವ್ಯಕ್ತಿ ಬದುಕಿದ್ದಾರೆ ಎಂದೇ ಲೆಕ್ಕ. ಬದುಕಿರುವವರ ವಿವರ ಅದನ್ನು ಬರೆದವರ ಖಾಸಗಿ ಜಾಗದಲ್ಲಿರುತ್ತದೆ. ಮನೆಯವರ ಜೊತೆ ಹಂಚಿಕೊಳ್ಳಬೇಕಾದರೆ ಪ್ರತ್ಯೇಕವಾಗಿ ಕುಟುಂಬದ ಗುಂಪು ಮಾಡಿ ಆಹ್ವಾನಿಸಬೇಕು. ಸತ್ತವರಿಗೂ ಬದುಕಿರುವವರಿಗೂ ನಡುವೆ ಒಂದು ಗೋಡೆ. ನನ್ನ ಕೋಡ್‌ನಲ್ಲಿ ಇಲ್ಲದೇ ಹೋದದ್ದು ಆ ಗೋಡೆ.

ನಾನೀಗ ಬಳಸುತ್ತಿರುವುದು ಗ್ರಾಂಪ್ಸ್ ಎಂಬ ಮುಕ್ತ ತಂತ್ರಾಂಶ. ಇಂಟರ್ನೆಟ್ ಬೇಡ, ಎಲ್ಲವೂ ನನ್ನ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ, ಕನ್ನಡದಲ್ಲೂ ಹೆಸರು ಬರೆಯಬಹುದು. ಯಾವುದೇ ದಾಖಲೆಗೆ ಖಾಸಗಿ ಎಂಬ ಬೀಗ ಹಾಕಬಹುದು. ಬೇರೆಯವರಿಗೆ ಕೊಡಲು ಫೈಲ್ ಹೊರತೆಗೆಯುವಾಗ ಬೀಗ ಹಾಕಿದ್ದನ್ನೂ ಬದುಕಿರುವವರನ್ನೂ ಬಿಟ್ಟು ತೆಗೆಯಲು ಆಯ್ಕೆ ಇದೆ. ಇದನ್ನು ಮರೆಯಬಾರದು. ವಂಶವೃಕ್ಷದ ತಂತ್ರಾಂಶಗಳು ಜೆಡ್‌ಕಾಮ್ ಎಂಬ ಒಂದೇ ಬಗೆಯ ಫೈಲ್‌ನಲ್ಲಿ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತವೆ. ಆಯ್ಕೆ ನೋಡದೆ ಫೈಲ್ ಕೊಟ್ಟರೆ ಫೋನ್ ನಂಬರ್ ಸಮೇತ ಎಲ್ಲವೂ ಹೋಗುತ್ತದೆ. ಪಡೆದವರು ಅದನ್ನು ಎಲ್ಲಿಗೆ ಹಾಕುತ್ತಾರೋ ನಮಗೆ ತಿಳಿಯದು.

ತಂತ್ರಾಂಶ ಬದಲಾಯಿಸಿದ್ದು ಒಂದು ಸಂಜೆಯ ಕೆಲಸ. ಉಳಿದದ್ದಕ್ಕೆ ಎರಡು ತಿಂಗಳು ಹಿಡಿಯಿತು. 104 ಜನರನ್ನೂ ಮತ್ತೆ ಕೇಳಿದೆ. ಈ ಸಲ ಮೊದಲು ಹೇಳಿದ್ದು ಯಾರು ನೋಡುತ್ತಾರೆ ಎಂಬುದನ್ನು. ಆಮೇಲೆ ಹೆಸರು ಇಡಲೇ, ಹುಟ್ಟಿದ ದಿನ ಇಡಲೇ, ಫೋಟೊ ಇಡಲೇ ಎಂದು ಒಂದೊಂದಾಗಿ ಕೇಳಿದೆ. ಮಕ್ಕಳದ್ದನ್ನು ಅವರ ಅಪ್ಪ ಅಮ್ಮನನ್ನು ಕೇಳಿದೆ. ಫೋನ್ ನಂಬರ್ ಕಾಲಂ ಅನ್ನೇ ತೆಗೆದುಹಾಕಿದೆ, ವಂಶಕ್ಕೂ ಅದಕ್ಕೂ ಏನು ಸಂಬಂಧ?

ಕುಂಭಮೇಳದಲ್ಲಿ ಒಬ್ಬರೂ ಬೇಡ ಎಂದಿರಲಿಲ್ಲ. ಈ ಸಲ ಹನ್ನೊಂದು ಜನ ಬೇಡ ಎಂದರು. ವಿದೇಶದಲ್ಲಿರುವ ಅಣ್ಣ ಹೆಸರು ಮಾತ್ರ ಸಾಕು ಎಂದ. ಒಬ್ಬ ಅತ್ತೆ ಹುಟ್ಟಿದ ವರ್ಷ ತೆಗೆಸಿದರು, ‘ನನ್ನ ವಯಸ್ಸು ನಿನ್ ಸೊಸೆಯಂದಿರಿಗೆ ಯಾಕೋ?’ ಎಂದು. ಒಬ್ಬ ದೂರದ ಚಿಕ್ಕಪ್ಪ ಕಾರಣ ಹೇಳದೆ ಬೇಡ ಎಂದರು. ಕಾರಣ ಕೇಳಲು ಬಾಯಿಯವರೆಗೆ ಬಂದಿತ್ತು, ಕೇಳಲಿಲ್ಲ. ಅವರ ಜಾಗದಲ್ಲಿ ‘ಬದುಕಿದ್ದಾರೆ’ ಎಂಬ ಒಂದು ಪದವಿದೆ. ಮರ ನಿಂತುಕೊಳ್ಳಲು ಅಷ್ಟು ಸಾಕು. ಪದವಿ ಮತ್ತು ಹುದ್ದೆ ಎರಡೂ ಇರಲಿ ಎಂದವರು ದೊಡ್ಡಪ್ಪ ಒಬ್ಬರೇ.

ಇಂಟರ್ನ್‌ಶಿಪ್ ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್‌ನಲ್ಲಿ ಎದುರಾದ ಕಷ್ಟ ಯಾವುದು?’ ಎಂದು ಕೇಳಿದರು. ಸಾಮಾನ್ಯವಾಗಿ ನಾವು ಹೇಳುವುದು ಸರ್ವರ್ ನಿಧಾನ ಎಂದೋ, ಬಗ್ ಸಿಗಲಿಲ್ಲ ಎಂದೋ. ನಾನು ಯಾರ ಹೆಸರನ್ನೂ ಹೇಳದೆ ಈ ಕತೆ ಹೇಳಿದೆ. ಆಯ್ಕೆಯಾಯಿತೋ ಇಲ್ಲವೋ ಇನ್ನೂ ತಿಳಿದಿಲ್ಲ. ಎದುರಿಗಿದ್ದವರು ಮಾತ್ರ ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

ಪೌತಿ ಖಾತೆಯೋ, ಮಿನಿ ಪ್ರಾಜೆಕ್ಟೋ, ಅಜ್ಜನ ನೆನಪೋ, ನಿಮ್ಮಲ್ಲಿ ಕೆಲವರಾದರೂ ಇಂಥ ಮರ ಕಟ್ಟಲು ಕೂರುತ್ತೀರಿ. ಕಟ್ಟಿ. ತೀರಿಕೊಂಡವರಿಂದ ಶುರು ಮಾಡಿ, ಅಲ್ಲೇ ಬೇಕಾದಷ್ಟು ಕೆಲಸವಿದೆ. ಬದುಕಿರುವವರ ಹತ್ತಿರ ಬಂದಾಗ ಕೀಬೋರ್ಡ್ ಬಿಟ್ಟು ಒಂದು ಫೋನ್ ಮಾಡಿ. ಗುಂಪಿಗೆ ಆಧಾರ್ ಹಾಕಿ ಎನ್ನಬೇಡಿ. ಬೇಕಾದರೆ ಒಬ್ಬರಿಗೇ ಕಳಿಸಲಿ, ಕೆಲಸ ಮುಗಿದ ಮೇಲೆ ಅಳಿಸಿ. ಎಲ್ಲಿ ಸಾಕೋ ಅಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಲಿ. ಹಳೆಯ ಲಗ್ನಪತ್ರಿಕೆಯಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಅದನ್ನು ಮಡಚಿ ವಾಪಸ್ ಇಡುವ ಮಾವನ ಮಾತು ಕೇಳಿ.

ಸಂಕ್ರಾಂತಿಗೆ ನರಸೀಪುರಕ್ಕೆ ಹೋಗಿದ್ದೆ. ಎಳ್ಳು ಬೀರಲು ಬಂದ ತಂಗಿ, ಅದೇ ಒಂಬತ್ತನೇ ತರಗತಿಯವಳು, ನನ್ನ ಪಕ್ಕ ಕೂತು ಲ್ಯಾಪ್‌ಟಾಪ್‌ನಲ್ಲಿ ಹೊಸ ಮರ ನೋಡಿದಳು. ಅಮ್ಮನ ಹೆಸರು ಒತ್ತಿದಳು. ಒಂದೇ ಚೌಕ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮ ನನಗೆ ಎಲ್ಲಾ ಹೇಳಿದ್ರು ಅಣ್ಣ’ ಎಂದಳು. ಏನು ಹೇಳಿದರು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎಳ್ಳು ಬೆಲ್ಲ ತಿಂದೆವು.